ಸಹಿ ಇಲ್ಲದ ಕೆಲಸ

2005ರ ಹೊತ್ತಿಗೆ ಹೊಸಪೇಟೆಯಲ್ಲಿ ಕೆಲಸಕ್ಕೆ ಬರ ಇರಲಿಲ್ಲ. ಚೀನಾಕ್ಕೆ ಅದಿರು ಬೇಕಿತ್ತು, ಸಂಡೂರಿನ ಗುಡ್ಡಗಳಲ್ಲಿ ಅದಿರಿತ್ತು. ಹಗಲು ರಾತ್ರಿ ಎನ್ನದೆ ಲಾರಿಗಳು ಬೇಲೆಕೇರಿ, ಕಾರವಾರ, ಗೋವಾ ಕಡೆಗೆ ಹೊರಡುತ್ತಿದ್ದವು. ರಸ್ತೆ ಬದಿಯ ಬೇವಿನ ಮರಗಳೆಲ್ಲ ಕೆಂಪಾಗಿದ್ದವು, ಒಣಹಾಕಿದ ಬಿಳಿ ಪಂಚೆಯೂ ಕೆಂಪು. ಎರಡು ಲಾರಿ ಸಾಲದಲ್ಲಿ ಕೊಂಡು ನಾಲ್ಕು ಮಾಡಿಕೊಂಡವರು, ಹೊಲವನ್ನು ಅದಿರಿನ ಸ್ಟಾಕ್‌ಯಾರ್ಡಿಗೆ ಬಾಡಿಗೆ ಕೊಟ್ಟವರು, ಎಲ್ಲರೂ ಮನೆ ಕಟ್ಟಿಸಲು ಹೊರಟಿದ್ದರು. ಮನೆಯೆಂದರೆ ಮುಂದೆ ಎರಡಂತಸ್ತು ಎತ್ತರದ ಕಂಬಗಳಿರಬೇಕು, ಕಂಬದ ತಲೆಗೆ ಎಲೆಗಳಿರಬೇಕು, ಒಳಗೆ ಸುತ್ತಿಕೊಂಡು ಏರುವ ಮೆಟ್ಟಿಲಿರಬೇಕು.

ಆ ಮನೆಗಳಲ್ಲಿ ಕೆಲವಕ್ಕೆ ನಕ್ಷೆ ಬರೆದವನು ನಾನು. ಹುಬ್ಬಳ್ಳಿಯಲ್ಲಿ ಬಿ.ಆರ್ಕ್ ಓದುತ್ತಿದ್ದೆ. ರಜೆಗೆ ಬುಕ್ಕಸಾಗರಕ್ಕೆ ಬಂದಾಗ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕಮಲಾಪುರದ ಮೇಲೆ ಹೊಸಪೇಟೆಗೆ ಹೋಗುತ್ತಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆಯ ಆಫೀಸು. ಬೋರ್ಡಿನ ಮೇಲೆ ‘ಇಂಜಿನಿಯರ್ಸ್’ ಎಂದಿತ್ತು. ಡಿಪ್ಲೊಮಾ ಓದಿದ ಒಬ್ಬರು ಇಂಜಿನಿಯರ್, ಎರಡು ಕಂಪ್ಯೂಟರ್, ಯಾರದೋ ಸಿ.ಡಿ.ಯಿಂದ ಹಾಕಿಕೊಂಡ ಆಟೊಕ್ಯಾಡ್. ಗಿರಾಕಿ ಬರುವಾಗ ಸೈಟಿನ ಪತ್ರದ ಜೊತೆಗೆ ವಾಸ್ತುವಿನ ಪಟ್ಟಿಯನ್ನೂ ತರುತ್ತಿದ್ದ: ಆಗ್ನೇಯಕ್ಕೆ ಅಡುಗೆಮನೆ, ನೈಋತ್ಯಕ್ಕೆ ಯಜಮಾನನ ಕೋಣೆ, ಈಶಾನ್ಯಕ್ಕೆ ನೀರು. ಮೂವತ್ತು ನಲವತ್ತರ ಸೈಟಿನಲ್ಲಿ ಈ ಮೂರನ್ನು ಕೂರಿಸಿದರೆ ಉಳಿಯುವುದು ಒಂದೇ ಮೂಲೆ. ಹಾಗಾಗಿ ಊರಿನ ಮನೆಗಳೆಲ್ಲ ಒಳಗಿನಿಂದ ಒಂದೇ, ಹೊರಗಿನ ಕಂಬಗಳಲ್ಲಷ್ಟೇ ಪೈಪೋಟಿ.

ಆ ಇಂಜಿನಿಯರ್ ನನಗೆ ಹೇಳಿದ ಮೊದಲ ಮಾತು ನಾಲ್ಕು ವರ್ಷದ ಕಾಲೇಜಿನಲ್ಲಿ ಯಾರೂ ಹೇಳಿರದ ಮಾತು. “ಮೊದ್ಲು ನೀರು ಹೊರಗ ಹೋಗೋ ದಾರಿ ಬರಿ ತಮ್ಮಾ. ಆಮ್ಯಾಲ ಗ್ವಾಡಿ ಬರಿ.” ಸಂಡಾಸಿನ ಪೈಪು ಗೋಡೆಯ ಯಾವ ಮಗ್ಗುಲಿಗೆ ಇಳಿಯಬೇಕು, ಅದರ ಕೆಳಗಿನ ಸ್ಲ್ಯಾಬನ್ನು ಎಷ್ಟು ತಗ್ಗಿಸಬೇಕು, ಚೇಂಬರ್ ಎಲ್ಲಿ ಕೂರಬೇಕು, ಪೈಪಿಗೆ ಇಳಿಜಾರು ಸಾಲದಿದ್ದರೆ ಮೂರು ವರ್ಷದ ನಂತರ ಆ ಮನೆಯವರು ಯಾರನ್ನು ಬೈಯುತ್ತಾರೆ, ಇವೆಲ್ಲ ಆ ಕೋಣೆಯಲ್ಲಿ ತಿಳಿದದ್ದು. ಒಂದು ಪ್ಲಾನಿಗೆ ಇಷ್ಟು ಎಂದು ಸಂಜೆಗೆ ಕೈಗೆ ದುಡ್ಡು ಕೊಡುತ್ತಿದ್ದರು. ಮುಂದಿನ ಆರು ತಿಂಗಳ ತರಬೇತಿಗೂ ಅಲ್ಲೇ ಇದ್ದುಬಿಟ್ಟಿದ್ದರೆ ಮನೆಯ ಊಟ, ಬಸ್ ಪಾಸು, ಒಂದಿಷ್ಟು ಉಳಿತಾಯ.

ಆದರೆ ಅದು ಲೆಕ್ಕಕ್ಕೆ ಬರುವ ಕೆಲಸವಾಗಿರಲಿಲ್ಲ. ವಾಸ್ತುಶಿಲ್ಪದ ಐದು ವರ್ಷದ ಓದಿನಲ್ಲಿ ಒಂದು ಸೆಮಿಸ್ಟರ್ ಕಾಲೇಜಿನ ಹೊರಗೆ, ಕಚೇರಿಯೊಂದರಲ್ಲಿ ಕಳೆಯಬೇಕು. ಕಚೇರಿ ಎಂದರೆ ಯಾವುದೋ ಕಚೇರಿಯಲ್ಲ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿಕೊಂಡವರ ಕಚೇರಿ. ಕೊನೆಗೆ ಅವರು ತಮ್ಮ ನೋಂದಣಿ ಸಂಖ್ಯೆ ಬರೆದು ಸಹಿ ಹಾಕಬೇಕು. ಹೊಸಪೇಟೆಯಲ್ಲಿ ನಾನು ಕಂಡ ಬೋರ್ಡುಗಳೆಲ್ಲ ಇಂಜಿನಿಯರ್‌ಗಳವು. ಕೆಲಸವೂ ಕೂಲಿಯೂ ಇದ್ದ ಊರಿನಲ್ಲಿ ಸಹಿ ಇರಲಿಲ್ಲ.

ಆ ಕಾಯ್ದೆ ಕಾಯುವುದು ‘ಆರ್ಕಿಟೆಕ್ಟ್’ ಎಂಬ ಪಟ್ಟವನ್ನು ಮಾತ್ರ, ಮನೆಯ ನಕ್ಷೆ ಬರೆಯುವ ಕೆಲಸವನ್ನಲ್ಲ. 2020ರಲ್ಲಿ ಸುಪ್ರೀಂ ಕೋರ್ಟೇ ಹಾಗೆಂದು ಬಿಡಿಸಿ ಹೇಳಿತು. ನಮ್ಮ ಇಂಜಿನಿಯರ್ ಅಷ್ಟು ವರ್ಷ ಮಾಡುತ್ತಿದ್ದ ಕೆಲಸದಲ್ಲಿ ಕಾನೂನಿಗೆ ಯಾವ ತಕರಾರೂ ಇರಲಿಲ್ಲ. ಅದನ್ನು ಅವರಿಂದ ಕಲಿತೆ ಎಂದು ನಾನು ಹೇಳಿಕೊಳ್ಳುವಂತಿರಲಿಲ್ಲ, ಅಷ್ಟೆ.

ಸಹಿಗಾಗಿ ಬೆಂಗಳೂರಿಗೆ ಹೋಗಬೇಕು ಎಂಬುದನ್ನು ಅಪ್ಪನಿಗೆ ವಿವರಿಸುವುದು ಕಷ್ಟವಾಯಿತು. ನಮ್ಮದು ಕಾಲುವೆ ನೀರಿನ ಗದ್ದೆ. ಒಂದಿಷ್ಟು ಕಬ್ಬು, ಒಂದಿಷ್ಟು ಬಾಳೆ. ರಾಯರ ಕಾಲದ ಕಾಲುವೆಗಳು ಈಗಲೂ ಹರಿಯುವ ಸೀಮೆ ಇದು. ಕಾಲುವೆ ತೋಡಿದವರು ಯಾರು, ಸಹಿ ಹಾಕಿದವರು ಯಾರು ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

“ಬೆಂಗಳೂರಾಗ ಪಗಾರ ಎಷ್ಟು ಕೊಡ್ತಾರಂತ?”

“ಕೆಲವರು ಕೊಡ್ತಾರಂತ. ಕೆಲವರು ಕೊಡಂಗಿಲ್ಲಂತ.”

“ಗೌಂಡಿ ಕೈಯಾಗ ಕಲ್ಲು ಹೊತ್ರೂ ಸಂಜೀಕ ಕೂಲಿ ಕೊಡ್ತಾರಲೋ. ಇದ್ಯಾತರ ಕೆಲಸ?”

ಅವ್ವ ಮಾತ್ರ ಇದನ್ನು ಓದಿನ ಖರ್ಚಿಗೆ ಸೇರಿಸಿಬಿಟ್ಟಳು. ಅವಳ ಲೆಕ್ಕ ಸರಿಯಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಅದು ಕೆಲಸವಾಗಿರಲಿಲ್ಲ, ಫೀಜಾಗಿತ್ತು; ಕಾಲೇಜಿಗೆ ಕಟ್ಟುವ ಬದಲು ಬೆಂಗಳೂರಿನ ಬಾಡಿಗೆಗೂ ಊಟಕ್ಕೂ ಕಟ್ಟಬೇಕಾದ ಫೀಜು.

ಬುಕ್ಕಸಾಗರದ ಹುಡುಗ ಈ ಓದಿಗೆ ಹೇಗೆ ಬಿದ್ದ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಹಂಪಿಯ ಪಕ್ಕದಲ್ಲಿ ಬೆಳೆದವನು, ಕಲ್ಲಿನ ರಥ ನೋಡಿ ಕನಸು ಕಂಡಿರಬೇಕು ಎಂಬುದು ಅವರ ಊಹೆ. ನಮ್ಮಲ್ಲಿ ಬಂಡೆಗಳ ಮೇಲೆ ಸಾಲಾಗಿ ಚೌಕದ ತೂತುಗಳಿವೆ. ಬೆಣೆ ಹೊಡೆದು ಕಲ್ಲು ಸೀಳಲು ವಿಜಯನಗರದವರು ಕೊರೆದವು, ಕೆಲವು ಬಂಡೆ ಸೀಳದೆ ಹಾಗೇ ನಿಂತಿವೆ. ಆ ತೂತುಗಳಲ್ಲಿ ನಾವು ಗೋಲಿ ಬಚ್ಚಿಡುತ್ತಿದ್ದೆವು. ಕನಸೇನೂ ಬೀಳಲಿಲ್ಲ.

ಬಿದ್ದದ್ದು ಟೇಪು. 1980ರ ದಶಕದ ಆರಂಭದಿಂದ ಸುಮಾರು ಎರಡು ದಶಕ ಜಾನ್ ಫ್ರಿಟ್ಜ್, ಜಾರ್ಜ್ ಮಿಚೆಲ್ ಎಂಬಿಬ್ಬರು ಚಳಿಗಾಲಕ್ಕೆ ಸರಿಯಾಗಿ ಹಂಪಿಗೆ ಬಂದು ಬಿಡಾರ ಹೂಡುತ್ತಿದ್ದರು. ಊರ ಹಾಳು ಗೋಡೆಗಳನ್ನೆಲ್ಲ ಅಳೆದು ನಕ್ಷೆಗೆ ಇಳಿಸುವ ಕೆಲಸ. ಅವರ ಜೊತೆ ವಾಸ್ತುಶಿಲ್ಪ ಓದುವ ಹುಡುಗ ಹುಡುಗಿಯರು ದೇಶದ ಕಾಲೇಜುಗಳಿಂದಲೂ ಹೊರದೇಶಗಳಿಂದಲೂ ಬರುತ್ತಿದ್ದರು. ಅವರನ್ನು ನೋಡಿ ಬೇರೆ ಕಾಲೇಜಿನವರೂ ಪ್ರವಾಸಕ್ಕೆ ಬಂದಾಗ ಅಳತೆಗೆ ಕೂರುತ್ತಿದ್ದರು. ಹಾಗೆ ಬಂದ ಒಂದು ಗುಂಪು ವೆಂಕಟಾಪುರದ ಕಡೆ ಮಂಟಪವೊಂದನ್ನು ಅಳೆಯುತ್ತಿದ್ದಾಗ ದನ ಕಾಯಲು ಹೋಗಿದ್ದ ನನ್ನ ಕೈಗೆ ಒಬ್ಬರು ಟೇಪಿನ ತುದಿ ಕೊಟ್ಟರು. “ಸೊನ್ನೆ ಹಿಡ್ಕೊ, ಅಲ್ಲಾಡಬೇಡ.” ಸಂಜೆಯವರೆಗೆ ಸೊನ್ನೆ ಹಿಡಿದೆ. ಬಿಸ್ಕತ್ತಿನ ಪೊಟ್ಟಣ ಸಿಕ್ಕಿತು. ಮಂಟಪ ಅವರ ಹಾಳೆಯ ಮೇಲೆ ಅಂಗೈಯಷ್ಟಾಗಿ ಬಂದು ಕೂತದ್ದನ್ನು ನೋಡಿದೆ. ನಾನು ಆಡಿದ ಮಂಟಪದಲ್ಲಿ ಎಷ್ಟು ಕಂಬಗಳಿವೆ ಎಂದು ನನಗೇ ಗೊತ್ತಿರಲಿಲ್ಲ. ಈಗ ಯೋಚಿಸಿದರೆ ನಗು ಬರುತ್ತದೆ. ಅವರಿಗೆಲ್ಲ ಅನುಭವ ದೊರಕಿಸಿದ್ದು ನಮ್ಮೂರ ಹಿತ್ತಿಲು. ಅದೇ ಅನುಭವಕ್ಕಾಗಿ ನಾನು ಹಂಪಿ ಎಕ್ಸ್‌ಪ್ರೆಸ್‌ನ ಜನರಲ್ ಡಬ್ಬಿಯಲ್ಲಿ ಗುಂತಕಲ್ಲು ಸುತ್ತಿ ಬೆಂಗಳೂರಿಗೆ ಹೋಗಬೇಕಾಯಿತು.

ರಾಜಾಜಿನಗರದಲ್ಲಿ ದೊಡ್ಡಪ್ಪನ ಮಗ ಇದ್ದ. ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಅವನು ಕೆಲಸಕ್ಕೆ ಹೋದಾಗ ಅವನ ಚಾಪೆ ನನಗೆ. ಬೆಳಿಗ್ಗೆ ಅವನು ಬರುವಷ್ಟರಲ್ಲಿ ನಾನು ಸ್ನಾನ ಮುಗಿಸಿ ಬೀದಿಗೆ ಬಿದ್ದಿರಬೇಕು. ಕೈಯಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದ ಎ3 ಪೋರ್ಟ್‌ಫೋಲಿಯೊ. ಬಣ್ಣದ ಪ್ರಿಂಟಿಗೆ ದುಡ್ಡು ಹೆಚ್ಚೆಂದು ಒಂದೇ ಪ್ರತಿ ಮಾಡಿಸಿದ್ದೆ. “ಇಟ್ಟು ಹೋಗಿ, ಸರ್ ನೋಡ್ತಾರೆ” ಅಂದರೆ ಇಟ್ಟು ಬರುವಂತಿರಲಿಲ್ಲ. ಇಡದಿದ್ದರೆ ಸರ್ ನೋಡುತ್ತಿರಲಿಲ್ಲ. ಇ-ಮೇಲ್ ಕಳಿಸಿ ಎನ್ನುತ್ತಿದ್ದರು. ಸೈಬರ್ ಕೆಫೆಯಲ್ಲಿ ಫೈಲು ಏರುವಷ್ಟರಲ್ಲಿ ಗಂಟೆಯ ದುಡ್ಡು ಮುಗಿದು ಪರದೆ ಕಪ್ಪಾಗುತ್ತಿತ್ತು.

ಒಳಗೆ ಕರೆದವರೂ ಇದ್ದರು. ಅಲ್ಲಿ ನಡೆಯುತ್ತಿದ್ದ ಮಾತು ಹೆಚ್ಚೂಕಡಿಮೆ ಒಂದೇ. ಯಾವ ಊರು? ಹಂಪಿ ಹತ್ತಿರ. ಕೂಡಲೇ ಕುರ್ಚಿ ಮುಂದಕ್ಕೆ ಬರುತ್ತಿತ್ತು. “ಎಂಥಾ ಜಾಗದಲ್ಲಿ ಬೆಳೆದಿದ್ದೀರಿ!” ಆಮೇಲೆ ಸೇತುವೆಯ ವಿಷಯ. 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಂಪಿ 1999ರಲ್ಲಿ ಅಪಾಯದ ಪಟ್ಟಿಗೆ ಹೋಗಿತ್ತು, 2006ರವರೆಗೂ ಅದರಲ್ಲೇ ಇತ್ತು. ಮುಖ್ಯ ಕಾರಣ ಆನೆಗೊಂದಿಗೂ ವಿರೂಪಾಪುರ ಗಡ್ಡೆಗೂ ಕಟ್ಟಲು ಹೊರಟ ಎರಡು ಸೇತುವೆಗಳು. ಬೆಂಗಳೂರಿನ ಆರ್ಕಿಟೆಕ್ಟುಗಳಿಗೆಲ್ಲ ಅದರ ಮೇಲೆ ಅಭಿಪ್ರಾಯವಿತ್ತು, ಮತ್ತು ಎಲ್ಲರ ಅಭಿಪ್ರಾಯವೂ ಒಂದೇ: ಕೆಡವಬೇಕು. ನಮ್ಮ ಸೋದರತ್ತೆಯನ್ನು ಕೊಟ್ಟದ್ದು ಹೊಳೆಯ ಆಚೆಗೆ. ಅವಳು ತವರಿಗೆ ಬರಬೇಕೆಂದರೆ ಹರಿಗೋಲು, ಹೊಳೆ ಬಂದರೆ ಹರಿಗೋಲೂ ಇರುತ್ತಿರಲಿಲ್ಲ, ಕಂಪ್ಲಿ ಸೇತುವೆ ಸುತ್ತಬೇಕಿತ್ತು. ಹೊಳೆ ಜೋರಾದರೆ ಕಂಪ್ಲಿ ಸೇತುವೆಯೇ ಮುಳುಗುತ್ತಿತ್ತು. ಕೆಲಸ ಕೇಳಲು ಹೋದವನು ಇದನ್ನೆಲ್ಲ ಹೇಳುವುದೆಲ್ಲಿ? ತಲೆಯಾಡಿಸುತ್ತಿದ್ದೆ. (ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕೂಲಿಯವರ ಜೀವ ತೆಗೆದುಕೊಂಡಿತು. ಈಗ ಬುಕ್ಕಸಾಗರದಿಂದ ಕಡೆಬಾಗಿಲಿಗೆ ಬೇರೆಯೇ ಸೇತುವೆ ಇದೆ.) ಹಂಪಿಯ ಮಾತು ಮುಗಿದ ಮೇಲೆ, ಬಾಗಿಲವರೆಗೆ ಬಂದು, ಮೆಲ್ಲಗೆ: “ಸ್ಟೈಪೆಂಡ್ ನಾವು ಕೊಡಲ್ಲ. ಕಲಿಯೋಕೆ ತುಂಬಾ ಇದೆ.”

ಆಗ ಬರುತ್ತಿತ್ತು ದೋಶಿಯವರ ಕತೆ. ಬಾಲಕೃಷ್ಣ ದೋಶಿ 1951ರಲ್ಲಿ ಪ್ಯಾರಿಸ್ಸಿನ ಲ ಕಾರ್ಬೂಸಿಯೆ ಕಚೇರಿ ಸೇರಿದರು, ಮೊದಲ ಎಂಟು ತಿಂಗಳು ಸಂಬಳವಿಲ್ಲ. ಕತೆ ನಿಜ. ಆ ಕಚೇರಿಯಿಂದ ಬಂದವರೇ ಅಹಮದಾಬಾದಿನಲ್ಲಿ ಕಾಲೇಜು ಕಟ್ಟಿದರು, ನಮ್ಮ ಬನ್ನೇರುಘಟ್ಟ ರಸ್ತೆಯಲ್ಲಿ ಐ.ಐ.ಎಂ. ಕಟ್ಟಿದರು, 2018ರಲ್ಲಿ ಪ್ರಿಟ್ಜ್ಕರ್ ಪಡೆದರು. ಕಾಲೇಜಿನಿಂದ ನಮ್ಮನ್ನು ಆ ಐ.ಐ.ಎಂ. ನೋಡಲು ಕರೆದುಕೊಂಡು ಹೋಗಿದ್ದರು. ಒರಟು ಗ್ರಾನೈಟಿನ ಗೋಡೆ, ಬಿಸಿಲು ತೂರಿ ಬರುವ ಉದ್ದುದ್ದ ಓಣಿಗಳು, ಮೇಲೆ ಬಳ್ಳಿ. ಬೆಂಗಳೂರಿನಲ್ಲಿ ನನಗೆ ಮೊದಲು ಪರಿಚಿತವೆನಿಸಿದ ಜಾಗ ಅದು. ದೋಶಿಯವರ ಮೇಲೆ ನನಗೆ ಎಳ್ಳಷ್ಟೂ ಅಸಮಾಧಾನವಿಲ್ಲ. ಆದರೆ ಅವರ ಎಂಟು ತಿಂಗಳನ್ನು ಐವತ್ತು ವರ್ಷದ ನಂತರ ಬೆಂಗಳೂರಿನ ಪ್ರತಿ ಕಚೇರಿಯೂ ನಗದು ಮಾಡಿಕೊಳ್ಳುವುದು ಯಾವ ನ್ಯಾಯ? ಅಲ್ಲಿ ಟೇಬಲ್ಲಿನ ಆಚೆ ಕೂತಿದ್ದವರು ಕಾರ್ಬೂಸಿಯೆಯೂ ಆಗಿರಲಿಲ್ಲ. ಒಂದು ಕಚೇರಿಯಲ್ಲಿ ಸಂಬಳವಿಲ್ಲದೆ ಕೂತಿದ್ದ ಹುಡುಗರನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿದೆ. ಎಲ್ಲರೂ ಮನೆಯಿಂದ ಬರುವವರು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಗೊತ್ತಾಗುತ್ತದೆ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ ರೀಬಾ 2011ರಲ್ಲಿ ತನ್ನ ಮಾನ್ಯತೆ ಪಡೆದ ಕಚೇರಿಗಳು ವಿದ್ಯಾರ್ಥಿಗಳಿಗೆ ಕನಿಷ್ಠ ವೇತನವನ್ನಾದರೂ ಕೊಡಲೇಬೇಕೆಂದು ಕಟ್ಟುಮಾಡಿತು. 2019ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯ ಪೆವಿಲಿಯನ್ ಕಟ್ಟುತ್ತಿದ್ದ ಜಪಾನಿನ ಹೆಸರಾಂತ ಕಚೇರಿಯೊಂದು ಸಂಬಳವಿಲ್ಲದ ವಿದ್ಯಾರ್ಥಿಗಳನ್ನು ಹುಡುಕುತ್ತಿದೆ ಎಂಬ ಗದ್ದಲವೆದ್ದು, ಕೆಲಸ ಮಾಡಿದವರಿಗೆಲ್ಲ ದುಡ್ಡು ಕೊಡಬೇಕೆಂದು ಗ್ಯಾಲರಿಯೇ ಹೇಳಬೇಕಾಯಿತು. ಆ ಸುದ್ದಿ ಓದಿದ ದಿನ ಅಪ್ಪನಿಗೆ ಫೋನು ಮಾಡಿ ಹೇಳಿದ್ದೆ. “ಹಂಗಾರ ಬಿಳೇ ಮಂದಿ ಸೈತ ಹಿಂಗ ಮಾಡ್ತಾರ?” ಎಂದು ಅಪ್ಪನಿಗೆ ಒಂದು ಬಗೆಯ ಸಮಾಧಾನವಾಯಿತು.

ಕೊನೆಗೆ ಕೆಲಸ ಸಿಕ್ಕಿದ್ದು ಮಲ್ಲೇಶ್ವರದ ಅಡ್ಡರಸ್ತೆಯೊಂದರ ಹಳೇ ಮನೆಯಲ್ಲಿ. ಮುಂದಿನ ಎರಡು ಕೋಣೆ ಕಚೇರಿ, ಹಿಂದೆ ಆರ್ಕಿಟೆಕ್ಟ್ ಮೇಡಂ ಅವರ ತಾಯಿಯ ಸಂಸಾರ. ಮೇಡಂ ನನ್ನ ಪೋರ್ಟ್‌ಫೋಲಿಯೊ ತಿರುವಿದರು. ಹಂಪಿ ಬಂದಾಗ ಏನೂ ಹೇಳಲಿಲ್ಲ. ಥೀಸಿಸ್ಸಿಗೆಂದು ಆರಿಸಿಟ್ಟಿದ್ದ ಮ್ಯೂಸಿಯಂ ಬಂದಾಗಲೂ ಹೇಳಲಿಲ್ಲ. ಕೊನೆಯ ಹಾಳೆಗಳ ನಡುವೆ ಹೊಸಪೇಟೆಯ ಒಂದು ಪ್ಲಾನಿನ ಪ್ರಿಂಟು ಸಿಕ್ಕಿಕೊಂಡಿತ್ತು. ಹಾಳೆ ಮಡಿಯದಿರಲಿ ಎಂದು ಅಡ್ಡಲಾಗಿ ಇಟ್ಟದ್ದು. ಅದನ್ನು ಹೊರಗೆ ತೆಗೆದು ಬಹಳ ಹೊತ್ತು ನೋಡಿದರು.

“ಈ ಕಂಬ ಯಾರದ್ದು?”

“ಮನೆಯವರದ್ದು ಮೇಡಂ.”

“ಚರಂಡಿ ಲೈನು?”

“ನಾನು ಹಾಕಿದ್ದು.”

“ಮೇಲಿನ ಬಾತ್‌ರೂಮಿನ ಪೈಪು ಕೆಳಗಿನ ಊಟದ ಕೋಣೆ ಮೇಲೆ ಬರದ ಹಾಗೆ ತಿರುಗಿಸಿದ್ದೀರಲ್ಲ, ಯಾರು ಹೇಳಿಕೊಟ್ಟರು?”

ಇಂಜಿನಿಯರ್ ಹೆಸರು ಹೇಳಿದೆ. ತಿಂಗಳಿಗೆ ಎರಡು ಸಾವಿರ, ಸೋಮವಾರದಿಂದ ಬನ್ನಿ ಎಂದರು. ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಲೇಜು ತಳ್ಳಿಹಾಕಿದ್ದ ಕೆಲಸದಿಂದಲೇ ಲೆಕ್ಕಕ್ಕೆ ಬರುವ ಕೆಲಸ ಸಿಕ್ಕಿತು.

ಅಲ್ಲಿ ಮಾಡಿದ್ದರಲ್ಲಿ ‘ವಿನ್ಯಾಸ’ ಎನ್ನುವಂಥದ್ದು ಕಡಿಮೆ. ಬಾಗಿಲು ಕಿಟಕಿಗಳ ಪಟ್ಟಿ, ಸಂಡಾಸಿನ ಟೈಲ್ಸಿನ ವಿವರ, ಅಮೋನಿಯಾ ಪ್ರಿಂಟು ಮಾಡಿಸಿ ತರುವುದು, ಬಂದವರಿಗೆ ಸ್ಯಾಂಪಲ್ ತೋರಿಸುವುದು. ಸೈಟ್ ಅಳತೆಗೆ ಹೋದರೆ ಸೊನ್ನೆ ಹಿಡಿಯುವುದು ಮತ್ತೆ ನಾನೇ. ಚಿಕ್ಕವರು ಯಾವಾಗಲೂ ಸೊನ್ನೆ ಕಡೆ, ಓದುವವರು ದೊಡ್ಡವರು. ಈ ಕಚೇರಿ ಕೆಲಸವನ್ನು ಹಳಿಯುವ ಹುಡುಗರು ಈಗ ಬಹಳ. ನನಗೆ ಬೇಸರವಾಗಲಿಲ್ಲ. ನೂರು ಬಾಗಿಲಿನ ಪಟ್ಟಿ ಮಾಡಿದವನಿಗೆ ನೂರಾ ಒಂದನೇ ಬಾಗಿಲು ಯಾವ ಕಡೆ ತೆರೆಯಬೇಕೆಂಬುದು ಕೈಗೇ ಗೊತ್ತಿರುತ್ತದೆ.

ಆ ತಿಂಗಳುಗಳಲ್ಲಿ ಕಲಿತ ದೊಡ್ಡ ಪಾಠ ಮೆಟ್ಟಿಲಿನದು, ಅದನ್ನು ಕಲಿಸಿದ್ದು ಮೇಡಂ ಅಲ್ಲ. ಜೆ.ಪಿ. ನಗರದಲ್ಲಿ ಒಂದು ಮನೆ ಏಳುತ್ತಿತ್ತು. ಬೆಂಗಳೂರಿನ ಸೈಟುಗಳಲ್ಲಿ ಕಿವಿಗೊಟ್ಟರೆ ರಾಯಚೂರು, ಯಾದಗಿರಿ, ಕೊಪ್ಪಳದ ಮಾತು ಕೇಳುತ್ತದೆ. ಕಟ್ಟುವವರು ನಮ್ಮ ಕಡೆಯವರು. ಗೌಂಡಿ ಲಿಂಗಸುಗೂರಿನವರು. ಮೊದಲ ದಿನ ನನ್ನನ್ನು “ಸಾಹೇಬ್ರ” ಎಂದವರು ಬುಕ್ಕಸಾಗರ ಎಂದ ಮೇಲೆ “ತಮ್ಮಾ”ಗೆ ಇಳಿದರು, ಅಥವಾ ಏರಿದರು. ನಕ್ಷೆಯಲ್ಲಿ ಹತ್ತು ಅಡಿ ಎತ್ತರಕ್ಕೆ ಆರಾರು ಇಂಚಿನ ಇಪ್ಪತ್ತು ಮೆಟ್ಟಿಲು. ಲೆಕ್ಕ ಸರಿಯಾಗೇ ಇತ್ತು. ಗೋಡೆಗೆ ದಾರ ಹಿಡಿದು ಗೀಟು ಹಾಕುವ ಮೊದಲು ಅವರು ಕೇಳಿದರು.

“ತಮ್ಮಾ, ನೆಲಕ್ಕ ಕಲ್ಲು ಗಾರಿ ಸೇರಿ ಎಷ್ಟು ಏರತೈತಿ?”

“ಎರಡು ಇಂಚು.”

“ಮೆಟ್ಟಿಲಿಗೆ?”

“ಒಂದೂವರಿ.”

“ಹಂಗಾರ ಮದಲನೇ ಮೆಟ್ಟಿಲು ಐದೂವರಿ ಆತು. ಕಡೀದು ಆರೂವರಿ. ಮುದುಕರು ಎಡವತಾರ.”

ನಿಂತಲ್ಲೇ ಲೆಕ್ಕ ಹಾಕಿದೆ. ಕೆಳಗಿನ ನೆಲ ಎರಡು ಇಂಚು ಏರಿ ಮೊದಲ ಮೆಟ್ಟಿಲಿನಲ್ಲಿ ಅರ್ಧ ಇಂಚು ನುಂಗುತ್ತದೆ, ಮೇಲಿನ ನೆಲ ಎರಡು ಇಂಚು ಏರಿ ಕೊನೆಯದಕ್ಕೆ ಅರ್ಧ ಇಂಚು ಕೂಡಿಸುತ್ತದೆ. ನಡುವಿನ ಹದಿನೆಂಟು ಮೆಟ್ಟಿಲಿಗೆ ಒಗ್ಗಿದ ಕಾಲು ಕೊನೆಯದರಲ್ಲಿ ತಪ್ಪುತ್ತದೆ. ಕಾಂಕ್ರೀಟ್ ಹಾಕುವಾಗಲೇ ಮೊದಲನೆಯದನ್ನು ಅರ್ಧ ಇಂಚು ಎತ್ತರಿಸಿದರೆ ಮಿಕ್ಕವೆಲ್ಲ ಅದರ ಮೇಲೆ ಏರಿ ಸರಿಹೋಗುತ್ತವೆ. ಮೇಡಂಗೆ ಫೋನಿನಲ್ಲಿ ಹೇಳಿದೆ. ಅವರು ಎರಡು ಕ್ಷಣ ಸುಮ್ಮನಿದ್ದು, “ಇನ್ನು ಮೇಲೆ ಕಲ್ಲಿನ ಮಟ್ಟವನ್ನೂ ಮೆಟ್ಟಿಲಿನ ಹಾಳೆಯಲ್ಲಿ ತೋರಿಸಿ” ಎಂದರು. ಅಂದಿನಿಂದ ಆ ಕಚೇರಿಯ ಮೆಟ್ಟಿಲಿನ ಹಾಳೆಗಳಲ್ಲಿ ಎರಡು ಗೆರೆ: ಕಾಂಕ್ರೀಟಿನದು ಒಂದು, ಕಲ್ಲಿನದು ಒಂದು. ಗೌಂಡಿಯ ಹೆಸರು ಹಾಳೆಯ ಮೇಲೆ ಬರಲಿಲ್ಲ. ಅವಧಿ ಮುಗಿದಾಗ ನನ್ನ ವರದಿಗೆ ಮೇಡಂ ಸಹಿ ಹಾಕಿದರು, ನೋಂದಣಿ ಸಂಖ್ಯೆ ಬರೆದರು. ವರದಿಯಲ್ಲಿ ಹೊಸಪೇಟೆಯ ಕೋಣೆಗೂ ಲಿಂಗಸುಗೂರಿನವರಿಗೂ ಜಾಗವಿರಲಿಲ್ಲ. ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಊರಿಗೆ ಹೋದಾಗ ನೋಡಿದೆ: ಕಂಬ ಎದ್ದು ನಿಂತು, ತಲೆಯ ಮೇಲೆ ಕಬ್ಬಿಣದ ಸರಳು ಚಾಚಿಕೊಂಡು, ಅಲ್ಲಿಗೇ ಕೈಬಿಟ್ಟ ಮನೆಗಳು. ಎರಡಕ್ಕೆ ನನ್ನದೇ ನಕ್ಷೆ. ಬೇವಿನ ಮರಗಳು ಮಾತ್ರ ಒಂದೇ ಮಳೆಗೆ ಹಸಿರಾಗಿದ್ದವು.

ಕೆಲವು ವರ್ಷಗಳಾದ ಮೇಲೆ ಹೊಸಪೇಟೆಗೇ ಬಂದು ಬೋರ್ಡು ಹಾಕಿದೆ. ಹಳೇ ಇಂಜಿನಿಯರ್ ಈಗಲೂ ನನ್ನ ಸ್ಟ್ರಕ್ಚರ್ ಲೆಕ್ಕ ನೋಡುತ್ತಾರೆ, ಈಗಲೂ ಮೊದಲು ಚರಂಡಿ ಲೈನು ಎಲ್ಲಿ ಎಂದು ಕೇಳುತ್ತಾರೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಅದರ ಕೇಂದ್ರವಾದ ಮೇಲೆ ಕೆಲಸ ಹೆಚ್ಚಾಗಿದೆ. ಹಂಪಿ ಪ್ರಾಧಿಕಾರದ ವ್ಯಾಪ್ತಿಯ ಹಳ್ಳಿಗಳಲ್ಲಿ ಒಂದು ಗೋಡೆ ಎಬ್ಬಿಸಲೂ ಅನುಮತಿ ಬೇಕು. ಕರಲು ಮಣ್ಣು ಹಾಸಿದ ಹಳೇ ಮಾಳಿಗೆ ಸೋರಿ, ರಿಪೇರಿಗೆ ನಕ್ಷೆ ಬೇಕೆಂದು ಬರುವವರು ನನ್ನ ಗಿರಾಕಿಗಳಲ್ಲಿ ಅರ್ಧ. ಇದರಲ್ಲಿ ದುಡ್ಡು ಕಡಿಮೆ, ಓಡಾಟ ಹೆಚ್ಚು. ಕಲಿಯುವವರಿಗೆ ಇದಕ್ಕಿಂತ ಒಳ್ಳೇ ಕೆಲಸ ಬೆಂಗಳೂರಿನ ಯಾವ ಗಾಜಿನ ಕಚೇರಿಯಲ್ಲೂ ಇಲ್ಲ ಎಂಬುದು ನನ್ನ ಹಟ.

ಹೋದ ಮಳೆಗಾಲದಲ್ಲಿ ಕಂಪ್ಲಿಯ ಕಡೆಯ ಹುಡುಗಿಯೊಬ್ಬಳು ಟ್ರೇನಿಂಗ್ ಕೇಳಿಕೊಂಡು ಬಂದಳು. ಅಪ್ಪ ಹೊರಗೆ ಬೈಕಿನ ಮೇಲೆ ಕೂತಿದ್ದರು. ಪೋರ್ಟ್‌ಫೋಲಿಯೊ ಲ್ಯಾಪ್‌ಟಾಪಿನಲ್ಲಿತ್ತು; ತೆರೆಯುವ ಮೊದಲೇ ಸ್ಟೈಪೆಂಡ್ ಎಷ್ಟು ಎಂದು ಕೇಳಿದಳು. ಹೇಳಿದೆ. ಬಸ್ಸಿನ ಖರ್ಚು ಬೇರೆಯೋ ಅದರಲ್ಲೇ ಸೇರಿದೆಯೋ ಎಂದಳು. ಬೇರೆ ಎಂದೆ. ಸೈಟಿಗೆ ಕಳಿಸುತ್ತೀರಾ, ಬರೀ ಕೂರಿಸಿ ರೆಂಡರಿಂಗ್ ಮಾಡಿಸುತ್ತೀರಾ? ಕಳಿಸುತ್ತೇನೆ ಎಂದೆ. ನಾನೇ ಕೆಲಸ ಕೇಳಲು ಬಂದವನಂತೆ ಕುರ್ಚಿಯ ಅಂಚಿಗೆ ಬಂದಿದ್ದೆ.

“ಸರ್, ನಿಮ್ಮ ಕೌನ್ಸಿಲ್ ರಿಜಿಸ್ಟ್ರೇಷನ್ ರಿನ್ಯೂ ಆಗಿದೆಯಾ? ನಮ್ಮ ಸೀನಿಯರ್ ಒಬ್ಬರಿಗೆ ಅದೇ ತೊಂದರೆ ಆಯ್ತು. ಕೆಲಸ ಎಲ್ಲ ಮಾಡಿದ್ಮೇಲೆ ಸಹಿ ನಡೆಯಲ್ಲ ಅಂದ್ರಂತೆ.”

ಗೋಡೆಗೆ ಹಾಕಿದ್ದ ಸರ್ಟಿಫಿಕೇಟ್ ತೋರಿಸಿದೆ. ಅವಳು ಎದ್ದು ಹೋಗಿ, ಹತ್ತಿರದಿಂದ ಓದಿ, ಸಂಖ್ಯೆಯನ್ನೂ ಅವಧಿ ಮುಗಿಯುವ ವರ್ಷವನ್ನೂ ಮೊಬೈಲಿನಲ್ಲಿ ಬರೆದುಕೊಂಡಳು. ಆಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು.